ಡೆಬೊರಾ ಕಾರ್ ಅವರಿಗೆ ಆಸ್ಕರ್ ಯಾಕೆ ದಕ್ಕಲಿಲ್ಲ?

ಪ್ರಶ್ನೆ (ಟಿಳಕವಾಡಿ, ಬೆಳಗಾವಿ):

ನಾವು ಎಂಟು-ಹತ್ತು ಜನ ಗೆಳೆಯರು ತಿಂಗಳಿಗೊಮ್ಮೆ ಯಾರಾದರೊಬ್ಬರ ಮನೆಯ ಪಡಸಾಲೆಯಲ್ಲಿ ಕೂತು ಹಳೆಯ ಚಿತ್ರಗಳನ್ನು ನೋಡುವ ರೂಢಿ ಇಟ್ಟುಕೊಂಡಿದ್ದೇವೆ. ಕಳೆದ ತಿಂಗಳು 1947ರ ‘ಬ್ಲ್ಯಾಕ್ ನಾರ್ಸಿಸಸ್’ ನೋಡಿದೆವು. ಹಿಮಾಲಯದ ಹಳೆಯ ಅರಮನೆಯೊಂದರಲ್ಲಿ ಶಾಲೆ, ಆಸ್ಪತ್ರೆ ನಡೆಸಲು ಬಂದ ಕ್ರೈಸ್ತ ಸನ್ಯಾಸಿನಿಯರ ಮುಖ್ಯಸ್ಥೆಯಾಗಿ ನಟಿಸಿದ ಡೆಬೊರಾ ಕಾರ್ ಅವರ ಮುಖ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಆರು ಸಲ ಆಸ್ಕರ್‌ಗೆ ನಾಮನಿರ್ದೇಶನಗೊಂಡರೂ ಒಮ್ಮೆಯೂ ಗೆಲ್ಲಲಿಲ್ಲವಂತೆ. ಮುಂದಿನ ಸಲ ಅವರ ಕುರಿತು ನಾನೇ ಮಾತಾಡಬೇಕಾಗಿರುವುದರಿಂದ ಯಾವ ಚಿತ್ರ ತೋರಿಸಬಹುದೆಂದು ತಿಳಿದವರು ಹೇಳಬೇಕು. ಹೆಸರನ್ನು ‘ಕೆರ್’ ಎನ್ನಬೇಕೋ ‘ಕಾರ್’ ಎನ್ನಬೇಕೋ ಎಂಬ ಜಗಳವೂ ನಮ್ಮಲ್ಲಿ ಬಾಕಿ ಇದೆ.

ಉತ್ತರ 1 (ವಿಜಯಪುರ):

ಜಗಳ ಮೊದಲು ಮುಗಿಸೋಣ: ‘ಕಾರ್’ ಸರಿ. ಹಾಲಿವುಡ್‌ನ ಚಿತ್ರ ನಿರ್ಮಾಣ ಕಂಪನಿ ಎಂ.ಜಿ.ಎಂ. ಅವರನ್ನು ಅಮೆರಿಕಕ್ಕೆ ಕರೆಸಿಕೊಂಡಾಗ, ಇದು ‘ಸ್ಟಾರ್’ ಎಂಬುದಕ್ಕೆ ಪ್ರಾಸವಾಗುವ ಹೆಸರು ಎಂದೇ ಪ್ರಚಾರ ಮಾಡಿತ್ತು.

ಸ್ಕಾಟ್ಲೆಂಡಿನಲ್ಲಿ 1921ರಲ್ಲಿ ಹುಟ್ಟಿದ ಈಕೆ, ‘ಕರ್ನಲ್ ಬ್ಲಿಂಪ್’ ಚಿತ್ರದಲ್ಲಿ (1943) ನಲವತ್ತು ವರ್ಷಗಳ ಕಥೆಯುದ್ದಕ್ಕೂ ನಾಯಕನ ಬಾಳಿನಲ್ಲಿ ಬಂದುಹೋಗುವ ಮೂವರು ಬೇರೆ ಬೇರೆ ಹೆಂಗಸರ ಪಾತ್ರಗಳನ್ನು ಒಬ್ಬರೇ ಮಾಡಿದಾಗ ಅವರ ವಯಸ್ಸು ಇಪ್ಪತ್ತರ ಆಸುಪಾಸು. ಆ ಪಾತ್ರಗಳಿಗೆ ಮೊದಲು ಗೊತ್ತಾಗಿದ್ದವರು ವೆಂಡಿ ಹಿಲ್ಲರ್. ಅವರು ಗರ್ಭಿಣಿಯಾದ ಕಾರಣ ಅವಕಾಶ ಇವರಿಗೆ ಬಂತು. ವಿಧಿಯಾಟ ನೋಡಿ, 1958ರ ‘ಸೆಪರೇಟ್ ಟೇಬಲ್ಸ್’ ಚಿತ್ರದಲ್ಲಿ ಇಬ್ಬರೂ ಇದ್ದರು. ಪೋಷಕ ನಟಿಯ ಆಸ್ಕರ್ ಹಿಲ್ಲರ್ ಅವರಿಗೂ ನಾಯಕ ನಟನ ಆಸ್ಕರ್ ಡೇವಿಡ್ ನಿವೆನ್ ಅವರಿಗೂ ಸಂದಿತು, ಕಾರ್ ಮಾತ್ರ ಬರಿಗೈಯಲ್ಲಿ ಮರಳಿದರು.

ಯಾಕೆ ಎಂಬುದಕ್ಕೆ ನನ್ನ ಅಭಿಪ್ರಾಯವಿಷ್ಟೇ: ಅವರ ಅಭಿನಯವೆಲ್ಲ ಅದುಮಿಟ್ಟುಕೊಳ್ಳುವುದರಲ್ಲಿದೆ, ಪ್ರಶಸ್ತಿಗಳೋ ಹೊರಗೆ ಚೆಲ್ಲುವುದಕ್ಕೆ ಬೇಗ ಒಲಿಯುತ್ತವೆ. ಅದೇ ವರ್ಷ ನಾಯಕಿಯ ಪ್ರಶಸ್ತಿ ಗೆದ್ದ ಸೂಸನ್ ಹೇವರ್ಡ್ ಮರಣದಂಡನೆಗೆ ಗುರಿಯಾದ ಹೆಣ್ಣಿನ ಪಾತ್ರ ಮಾಡಿದ್ದರು. ಕಾರ್ ಮಾಡಿದ್ದು ತಾಯಿಯ ದರ್ಪಕ್ಕೆ ಮುದುಡಿದ ಮಗಳ ಪಾತ್ರ. ಕೊನೆಯಲ್ಲಿ ಹೋಟೆಲಿನ ಊಟದ ಕೋಣೆಯಿಂದ ಎದ್ದು ಬಾ ಎಂದು ತಾಯಿ ಆಜ್ಞೆ ಮಾಡಿದಾಗ ಅವಳು ಕೂತಲ್ಲೇ ಕೂರುತ್ತಾಳೆ. ಅಷ್ಟೇ, ಆದರೆ ಅಷ್ಟರಲ್ಲಿ ಎಲ್ಲವೂ ಇದೆ.

ಉತ್ತರ 2 (ಇಳಕಲ್, ಬಾಗಲಕೋಟೆ ಜಿಲ್ಲೆ):

ನಮ್ಮದು ನೇಕಾರರ ಮನೆತನ. ಇಳಕಲ್ ಸೀರೆಯ ‘ಟೋಪ ತೆನೆ’ ವಿನ್ಯಾಸದ ಸೆರಗಿನಲ್ಲಿ ಕೆಂಪಿನ ಪಕ್ಕ ಬಿಳಿಯನ್ನು ನೋಡುತ್ತಲೇ ಬೆಳೆದವಳು ನಾನು. ಹಾಗಾಗಿ ‘ಬ್ಲ್ಯಾಕ್ ನಾರ್ಸಿಸಸ್’ನ ಒಂದು ದೃಶ್ಯ ಮರೆಯಲಾರೆ. ಸನ್ಯಾಸ ಬಿಟ್ಟ ಸಿಸ್ಟರ್ ರೂತ್ ಕೆಂಪು ಉಡುಪು ತೊಟ್ಟು ತುಟಿಗೆ ಬಣ್ಣ ಬಳಿದುಕೊಳ್ಳುತ್ತಿದ್ದರೆ, ಎದುರಿಗೆ ಬಿಳಿಯ ನಿಲುವಂಗಿಯಲ್ಲಿ ಕಾರ್ ಬೈಬಲ್ ಹಿಡಿದು ಕೂತಿರುತ್ತಾರೆ, ಮೇಣದಬತ್ತಿ ಕರಗುತ್ತಿರುತ್ತದೆ. ಛಾಯಾಗ್ರಾಹಕ ಜ್ಯಾಕ್ ಕಾರ್ಡಿಫ್ ಅವರಿಗೆ ಈ ಚಿತ್ರಕ್ಕೆ ಆಸ್ಕರ್ ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಅಂದಹಾಗೆ ಚಿತ್ರತಂಡ ಹಿಮಾಲಯಕ್ಕೆ ಬರಲೇ ಇಲ್ಲ. ಬೆಟ್ಟಗಳೆಲ್ಲ ಇಂಗ್ಲೆಂಡಿನ ಪೈನ್‌ವುಡ್ ಸ್ಟುಡಿಯೋದಲ್ಲಿ ಬಣ್ಣದಲ್ಲಿ ಬರೆದವು.

ಆದರೆ ಸರ್, ಅದುಮಿಟ್ಟ ಅಭಿನಯ ಒಂದೇ ಎನ್ನುವುದನ್ನು ನಾನು ಒಪ್ಪುವುದಿಲ್ಲ. 1953ರ ‘ಫ್ರಮ್ ಹಿಯರ್ ಟು ಎಟರ್ನಿಟಿ’ಯಲ್ಲಿ ಸಮುದ್ರದ ಅಲೆಗಳ ನಡುವೆ ಬರ್ಟ್ ಲ್ಯಾಂಕಾಸ್ಟರ್ ತೋಳಿನಲ್ಲಿದ್ದವರೂ ಇವರೇ ಅಲ್ಲವೇ?

ಉತ್ತರ 1ರವರಿಂದ:

ಒಪ್ಪಿದೆ, ಮೇಡಂ. ಆದರೆ ಅಲೆ ಹಿಂದೆ ಸರಿದ ಮೇಲಿನ ಮಾತುಕತೆಯನ್ನೂ ನೋಡಿ: ಕಳೆದುಕೊಂಡ ಮಗುವಿನ ಕಥೆಯನ್ನು ಆಕೆ ಹೇಳುವಾಗ ಆ ಇಡೀ ದೃಶ್ಯದ ಬಿಸಿ ತಣ್ಣಗಾಗುತ್ತದೆ. ನಾನು ಹೇಳಿದ್ದು ಆ ತಣುಪಿನ ಬಗ್ಗೆ.

ತೋರಿಸಲು ‘ದಿ ಇನೊಸೆಂಟ್ಸ್’ (1961) ಆರಿಸಿಕೊಳ್ಳಿ. ಇಬ್ಬರು ಮಕ್ಕಳನ್ನು ನೋಡಿಕೊಳ್ಳಲು ಬಂದ ಶಿಕ್ಷಕಿಗೆ ಕಾಣುವುದು ದೆವ್ವವೋ ಅವಳ ಮನಸ್ಸಿನ ಭ್ರಮೆಯೋ ಎಂಬುದನ್ನು ಕೊನೆಯವರೆಗೂ ಅವರ ಮುಖ ಬಿಟ್ಟುಕೊಡುವುದಿಲ್ಲ. ಈ ಚಿತ್ರಕ್ಕೆ ನಾಮನಿರ್ದೇಶನವೂ ಸಿಗಲಿಲ್ಲ! 1994ರಲ್ಲಿ ಕೊಟ್ಟ ಗೌರವ ಆಸ್ಕರ್, ನನ್ನ ಲೆಕ್ಕದಲ್ಲಿ, ಹಳೆಯ ಸಾಲದ ಬಡ್ಡಿ ಮಾತ್ರ.

ಪ್ರಶ್ನೆ ಕೇಳಿದವರಿಂದ:

ಇಬ್ಬರಿಗೂ ಧನ್ಯವಾದಗಳು. ‘ದಿ ಇನೊಸೆಂಟ್ಸ್’ ಎಂದೇ ಗೊತ್ತು ಮಾಡಿದ್ದೇವೆ. ರಾತ್ರಿ ದೆವ್ವದ ಚಿತ್ರ ಬೇಡವೆಂದು ಇಬ್ಬರು ಹಟ ಹಿಡಿದಿರುವುದರಿಂದ ಭಾನುವಾರ ಮಧ್ಯಾಹ್ನ ಪಡಸಾಲೆಯ ಕಿಟಕಿಗಳಿಗೆ ಕಂಬಳಿ ಕಟ್ಟಿ ನೋಡುತ್ತೇವೆ.