ವೈಜೆನ್‌ಬಾಮ್ ವಿರೋಧಿಸಿದ್ದು ಯಂತ್ರವನ್ನೋ, ಯಂತ್ರಕ್ಕೆ ನಾವು ಒಪ್ಪಿಸುವ ಕೆಲಸವನ್ನೋ?

ಪ್ರಶ್ನೆ: ಕರಿಹಲಗೆ

ಎಲ್ಲರಿಗೂ ನಮಸ್ಕಾರ. ಪದವಿ ತರಗತಿಗಳಿಗೆ ಕಂಪ್ಯೂಟರ್ ವಿಜ್ಞಾನವನ್ನು ಬೋಧಿಸುವ ನಾನು ಕಾಲೇಜಿನ ವಾರ್ಷಿಕ ಸಂಚಿಕೆಗಾಗಿ ಜೋಸೆಫ್ ವೈಜೆನ್‌ಬಾಮ್ ಅವರ ಕುರಿತು ಲೇಖನವೊಂದನ್ನು ಬರೆಯುತ್ತಿದ್ದೇನೆ. ಅವರು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿದ್ದಾಗ ಎಲಿಜಾ ಎಂಬ ಸಂಭಾಷಣೆಯ ಪ್ರೋಗ್ರಾಮನ್ನು ರೂಪಿಸಿ 1966ರಲ್ಲಿ ಅದರ ಬಗ್ಗೆ ಪ್ರಬಂಧ ಪ್ರಕಟಿಸಿದರು. ಹತ್ತು ವರ್ಷ ಕಳೆಯುವಷ್ಟರಲ್ಲಿ, 1976ರಲ್ಲಿ, 'ಕಂಪ್ಯೂಟರ್ ಪವರ್ ಅಂಡ್ ಹ್ಯೂಮನ್ ರೀಸನ್' ಎಂಬ ಪುಸ್ತಕ ಬರೆದು ತಮ್ಮದೇ ಕ್ಷೇತ್ರದ ಕಟು ವಿಮರ್ಶಕರಾದರು. ಈ ಬದಲಾವಣೆಗೆ ಕಾರಣವೇನೆಂದು ಕೇಳಿದರೆ ಎಲ್ಲರೂ ಒಂದೇ ಪ್ರಸಂಗವನ್ನು ಹೇಳುತ್ತಾರೆ: ಪ್ರೋಗ್ರಾಂ ಸಿದ್ಧವಾಗುವುದನ್ನು ತಿಂಗಳುಗಟ್ಟಲೆ ಕಣ್ಣಾರೆ ಕಂಡಿದ್ದ ಅವರ ಕಾರ್ಯದರ್ಶಿಯೇ, ಅದರೊಡನೆ ಒಂದೆರಡು ಮಾತಾದ ಮೇಲೆ, ದಯವಿಟ್ಟು ಸ್ವಲ್ಪ ಹೊರಗೆ ಹೋಗಿ ಎಂದು ಅವರನ್ನೇ ಕೇಳಿಕೊಂಡಳಂತೆ.

ಪ್ರಸಂಗ ಸ್ವಾರಸ್ಯಕರವಾಗಿದೆ, ಆದರೆ ಒಬ್ಬ ವಿಜ್ಞಾನಿಯ ನಿಲುವು ಇದೊಂದರಿಂದಲೇ ಬದಲಾಯಿತೆಂದು ಬರೆಯಲು ನನಗೆ ಮನಸ್ಸೊಪ್ಪುತ್ತಿಲ್ಲ. ಯಂತ್ರಕ್ಕೆ ಬುದ್ಧಿ ಬರಲಾರದು ಎಂಬುದು ಅವರ ವಾದವೇ, ಅಥವಾ ಬೇರೇನಾದರೂ ಇದೆಯೇ? ಜೊತೆಗೆ ಇನ್ನೊಂದು ಸಣ್ಣ ತೊಡಕು. ಆ ಪುಸ್ತಕದ ಉಪಶೀರ್ಷಿಕೆ 'ಫ್ರಮ್ ಜಡ್ಜ್‌ಮೆಂಟ್ ಟು ಕ್ಯಾಲ್ಕುಲೇಷನ್'; ಅದರಲ್ಲಿರುವ 'ಜಡ್ಜ್‌ಮೆಂಟ್' ಎಂಬ ಮಾತನ್ನು 'ತೀರ್ಪು' ಎಂದು ಅನುವಾದಿಸಿದರೆ ಕೋರ್ಟಿನ ನೆನಪಾಗುತ್ತದೆ. ನೀವಾಗಿದ್ದರೆ ಏನೆಂದು ಬರೆಯುತ್ತಿದ್ದಿರಿ?

ಉತ್ತರ: ಹಳೇಕೀಲಿಮಣೆ

ಮೇಡಂ, ಎಲಿಜಾ ಒಳಗೆ ಎಷ್ಟು ಟೊಳ್ಳಾಗಿತ್ತು ಎಂಬುದನ್ನು ಮೊದಲು ತಿಳಿಸಿದರೆ ಅವರ ಗಾಬರಿಯ ಅಳತೆ ಓದುಗರಿಗೆ ಸಿಗುತ್ತದೆ, ಆದ್ದರಿಂದ ಲೇಖನವನ್ನು ಅಲ್ಲಿಂದಲೇ ಆರಂಭಿಸಬಹುದು.

ಎಲಿಜಾ ಎಂಬುದು ಮೂಲ ಪ್ರೋಗ್ರಾಮಿನ ಹೆಸರು. ಮನೋವೈದ್ಯನ ಹಾಗೆ ಮಾತನಾಡುತ್ತಿದ್ದದ್ದು ಅದಕ್ಕೆ ಉಣಿಸಿದ 'ಡಾಕ್ಟರ್' ಎಂಬ ಸ್ಕ್ರಿಪ್ಟ್, ಅಂದರೆ ಹೇಗೆ ಉತ್ತರಿಸಬೇಕೆಂಬ ನಿಯಮಗಳ ಪಟ್ಟಿ. ಬಳಕೆದಾರರು ಬರೆದ ವಾಕ್ಯದಲ್ಲಿ ಮುಖ್ಯ ಪದವೊಂದನ್ನು ಹುಡುಕುವುದು, ವಾಕ್ಯವನ್ನು ಅದರ ಸುತ್ತ ತುಂಡರಿಸುವುದು, 'ನನ್ನ' ಎಂಬಲ್ಲಿ 'ನಿಮ್ಮ' ಎಂದು ಬದಲಾಯಿಸಿ ಮೊದಲೇ ಬರೆದಿಟ್ಟ ಅಚ್ಚಿನಲ್ಲಿ ಮರಳಿ ಜೋಡಿಸುವುದು, ಇಷ್ಟೇ ಅದರ ವಿದ್ಯೆ. ಯಾವ ಮುಖ್ಯ ಪದವೂ ಸಿಗದಿದ್ದರೆ, ಹಿಂದೆ ನೀವು 'ನನ್ನ' ಎಂದು ಹೇಳಿಕೊಂಡ ಸಂಗತಿಯೊಂದನ್ನು ನೆನಪಿನಿಂದ ಎತ್ತಿಕೊಂಡು, ಇದಕ್ಕೂ ಅದಕ್ಕೂ ಸಂಬಂಧವಿದೆಯೇ ಎಂದು ಕೇಳುತ್ತಿತ್ತು. ಕೇಳಿದವರಿಗೆ ಮೈ ಜುಮ್ಮೆನ್ನುತ್ತಿದ್ದದ್ದು ಬಹುಶಃ ಅಲ್ಲಿಯೇ.

ಮನೋವೈದ್ಯನ ಪಾತ್ರವನ್ನು ಆರಿಸಿಕೊಂಡದ್ದರ ಹಿಂದೆ ಜಾಣತನವಿದೆ. ನಾನು ದೋಣಿಯಲ್ಲಿ ಬಹಳ ದೂರ ಹೋಗಿದ್ದೆ ಎಂದು ನೀವು ಹೇಳಿದಾಗ, ದೋಣಿಗಳ ಬಗ್ಗೆ ಹೇಳಿ ಎಂದು ವೈದ್ಯರು ಕೇಳಿದರೆ, ಇವರಿಗೆ ದೋಣಿ ಎಂದರೇನೆಂದೇ ತಿಳಿಯದು ಎಂದು ನಿಮಗೆ ಅನಿಸುವುದಿಲ್ಲ. ಪ್ರಶ್ನೆಯ ಹಿಂದೆ ಏನೋ ಉದ್ದೇಶವಿರಬೇಕೆಂದು ನೀವೇ ಊಹಿಸಿಕೊಳ್ಳುತ್ತೀರಿ. ಲೋಕಜ್ಞಾನ ಲವಲೇಶವೂ ಇಲ್ಲದ ಪ್ರೋಗ್ರಾಮಿಗೆ ಇದಕ್ಕಿಂತ ಒಳ್ಳೆಯ ಮರೆ ಸಿಗಲಾರದು. ಈ ಉದಾಹರಣೆಯನ್ನು ಕೊಟ್ಟವರು ನಾನಲ್ಲ, 1966ರ ಪ್ರಬಂಧದಲ್ಲಿ ಸ್ವತಃ ವೈಜೆನ್‌ಬಾಮ್. ತಾವು ತೋರಿಸುತ್ತಿರುವುದು ಕಣ್ಕಟ್ಟು ಎಂಬುದನ್ನು ಅವರು ಎಂದೂ ಮುಚ್ಚಿಡಲಿಲ್ಲ.

ಹಿಂದೊಮ್ಮೆ ಇದನ್ನು ಕನ್ನಡದಲ್ಲಿ ಮಾಡಲು ಹೋಗಿ ನಾನು ಸೋತೆ. 'ನನ್ನ ಅಪ್ಪ ನನಗೆ ಬೈಯುತ್ತಾರೆ' ಎಂಬುದನ್ನು 'ನಿಮ್ಮ ಅಪ್ಪ ನಿಮಗೆ ಬೈಯುತ್ತಾರೆ' ಎಂದು ತಿರುಗಿಸುವುದು ಸುಲಭ. ಆದರೆ 'ನಾನು ಬೇಸರದಲ್ಲಿದ್ದೇನೆ' ಎಂಬಲ್ಲಿ ಸರ್ವನಾಮವನ್ನಷ್ಟೇ ಬದಲಾಯಿಸಿದರೆ 'ನೀವು ಬೇಸರದಲ್ಲಿದ್ದೇನೆ' ಎಂದಾಗಿ ಮೋಸ ಮೊದಲ ಸಾಲಿನಲ್ಲೇ ಬಯಲಾಗುತ್ತದೆ. ಇಂಗ್ಲಿಷಿನಲ್ಲಿ ಬಿಡಿಯಾಗಿ ನಿಲ್ಲುವ ಪದಗಳನ್ನು ಬದಲಿಸಿದರೆ ನಡೆಯುತ್ತದೆ, ನಮ್ಮಲ್ಲಿ ಕ್ರಿಯಾಪದದ ಬಾಲದವರೆಗೂ ಕೈಹಾಕಬೇಕು.

ಉತ್ತರ: ಮೂಡಲಸೀಮೆ

ಮೇಲಿನ ಉತ್ತರಕ್ಕೆ ನನ್ನ ಸಹಮತವಿದೆ. ಕಾರ್ಯದರ್ಶಿಯ ಪ್ರಸಂಗವನ್ನು ವೈಜೆನ್‌ಬಾಮ್ ಒಂಟಿಯಾಗಿ ಹೇಳಿಲ್ಲ ಎಂಬುದನ್ನು ಮಾತ್ರ ಸೇರಿಸುತ್ತೇನೆ. ಪುಸ್ತಕದ ಪೀಠಿಕೆಯಲ್ಲಿ ಅವರು ತಮ್ಮನ್ನು ತಲ್ಲಣಗೊಳಿಸಿದ ಮೂರು ಪ್ರತಿಕ್ರಿಯೆಗಳನ್ನು ಹೇಳುತ್ತಾರೆ. ಜನರು ಆ ಪ್ರೋಗ್ರಾಮಿಗೆ ಭಾವನಾತ್ಮಕವಾಗಿ ಅಂಟಿಕೊಂಡದ್ದು ಅವುಗಳಲ್ಲಿ ಒಂದು. ಭಾಷೆಯನ್ನು ಅರ್ಥಮಾಡಿಕೊಳ್ಳುವ ಸಮಸ್ಯೆಗೆ ಕಂಪ್ಯೂಟರ್ ಪರಿಹಾರ ಕಂಡುಕೊಂಡಿತು ಎಂದು ಹಲವರು ನಂಬಿಬಿಟ್ಟದ್ದು ಇನ್ನೊಂದು. ಉಳಿದ ಒಂದು ಅವರಿಗೆ ಎಲ್ಲಕ್ಕಿಂತ ಆಘಾತಕಾರಿಯಾಗಿತ್ತು ಎಂದು ನನ್ನ ಓದು. ಕೆನೆತ್ ಕಾಲ್ಬಿ ಎಂಬ ಮನೋವೈದ್ಯರು ಮತ್ತು ಅವರ ಸಂಗಡಿಗರು, ಇಂತಹ ವ್ಯವಸ್ಥೆಯನ್ನು ಬೆಳೆಸಿದರೆ ಒಂದೇ ಕಂಪ್ಯೂಟರು ಗಂಟೆಗೆ ನೂರಾರು ರೋಗಿಗಳನ್ನು ನೋಡಿಕೊಳ್ಳಬಹುದೆಂದು 1966ರಲ್ಲೇ ವೈದ್ಯಕೀಯ ಪತ್ರಿಕೆಯಲ್ಲಿ ಬರೆದಿದ್ದರು. ತಿಳಿಯದವರು ಮರುಳಾದರೆ ಒಂದು ಮಾತು, ಆದರೆ ಮನುಷ್ಯನ ನೋವನ್ನು ಆಲಿಸುವುದೇ ವೃತ್ತಿಯಾಗಿರುವವರು ತಮ್ಮ ಕೆಲಸವನ್ನು ಇಷ್ಟು ಯಾಂತ್ರಿಕವೆಂದು ಭಾವಿಸಿದ್ದಾರೆಯೇ ಎಂಬುದು ವೈಜೆನ್‌ಬಾಮ್ ಅವರ ಪ್ರಶ್ನೆಯಾಗಿತ್ತು.

ಹಾಗಾಗಿ ನಿಮ್ಮ ಮೊದಲ ಪ್ರಶ್ನೆಗೆ ಉತ್ತರವೆಂದರೆ, ಅವರ ವಾದದ ತಿರುಳು 'ಯಂತ್ರದಿಂದ ಆಗದು' ಎಂಬುದಲ್ಲ, 'ಆದರೂ ಮಾಡಿಸಕೂಡದು' ಎಂಬುದು. ಪರಸ್ಪರ ಗೌರವ, ಸಹಾನುಭೂತಿ, ಪ್ರೀತಿ ಇರಬೇಕಾದ ಜಾಗದಲ್ಲಿ ಕಂಪ್ಯೂಟರನ್ನು ಕೂರಿಸುವುದನ್ನು ಅವರು ನೈತಿಕ ತಪ್ಪೆಂದು ಕಂಡರು. ಹಿಂದಕ್ಕೆ ತೆಗೆದುಕೊಳ್ಳಲಾಗದ, ಮುಂಚಿತವಾಗಿ ಪೂರ್ತಿ ಊಹಿಸಲೂ ಆಗದ ಪರಿಣಾಮಗಳಿರುವ ಕೆಲಸಗಳಿಗೂ, ತುರ್ತು ಅಗತ್ಯವಿಲ್ಲದಿದ್ದರೆ, ಕೈಹಾಕಬಾರದೆಂದರು.

ಇದಕ್ಕೆ ಅವರ ಬದುಕಿನ ಹಿನ್ನೆಲೆಯನ್ನೂ ಸೇರಿಸಿ ಓದಬೇಕು. 1923ರಲ್ಲಿ ಬರ್ಲಿನ್ನಿನ ಯಹೂದಿ ಕುಟುಂಬದಲ್ಲಿ ಹುಟ್ಟಿ, ನಾಜಿ ಆಡಳಿತದಿಂದ ಪಾರಾಗಿ 1936ರಲ್ಲಿ ಅಮೆರಿಕ ಸೇರಿದ ಹುಡುಗ ಅವರು. ಜನರಲ್ ಎಲೆಕ್ಟ್ರಿಕ್‌ನಲ್ಲಿದ್ದಾಗ ಬ್ಯಾಂಕ್ ಆಫ್ ಅಮೆರಿಕಕ್ಕಾಗಿ ಚೆಕ್ಕುಗಳನ್ನು ಓದಿ ಲೆಕ್ಕವಿಡುವ ಕಂಪ್ಯೂಟರ್ ವ್ಯವಸ್ಥೆಯನ್ನು ಕಟ್ಟಿದ ತಂಡದಲ್ಲಿ ಅವರಿದ್ದರು. ನಮ್ಮ ಚೆಕ್ಕಿನ ಹಾಳೆಯ ಅಡಿಯಲ್ಲಿ ಇಂದಿಗೂ ಕಾಣುವ ವಿಚಿತ್ರ ಆಕಾರದ ಅಂಕಿಗಳು ಆ ಕಾಲದವೇ. ಎಂಐಟಿಗೆ ಬಂದ ಮೇಲೆ ವಿಯೆಟ್ನಾಂ ಯುದ್ಧವನ್ನು ವಿರೋಧಿಸಿದರು, ಮತ್ತು ತಮ್ಮ ಸುತ್ತಲಿನ ಸಂಶೋಧನೆಗೆ ಹಣ ಎಲ್ಲಿಂದ ಬರುತ್ತಿದೆ ಎಂಬುದನ್ನು ನೋಡಿಯೂ ನೋಡದಂತಿರಲು ಅವರಿಂದ ಆಗಲಿಲ್ಲ. ಕಾರ್ಯದರ್ಶಿಯ ಪ್ರಸಂಗ ಕಿಡಿಯಾಗಿದ್ದಿರಬಹುದು. ಸೌದೆ ಬಹಳ ಹಿಂದಿನಿಂದ ಒಣಗುತ್ತಿತ್ತು.

ಉತ್ತರ: ತರ್ಕಚಪಲ

ಇಷ್ಟು ಹೊತ್ತು ಹೊಗಳಿಕೆಯೇ ಆಯಿತು, ಎದುರು ಪಕ್ಷದ ಮಾತನ್ನೂ ಲೇಖನದಲ್ಲಿ ಸೇರಿಸಿದರೆ ನ್ಯಾಯವಾಗುತ್ತದೆ. ಕೃತಕ ಬುದ್ಧಿಮತ್ತೆಯ ಸ್ಥಾಪಕರಲ್ಲಿ ಒಬ್ಬರಾದ ಜಾನ್ ಮೆಕಾರ್ಥಿ 1976ರಲ್ಲೇ ಈ ಪುಸ್ತಕವನ್ನು ಕಟುವಾಗಿ ವಿಮರ್ಶಿಸಿ, ಅದು ನೀತಿಬೋಧೆಯಿಂದ ತುಂಬಿದ, ಸುಸಂಗತವಲ್ಲದ ಕೃತಿ ಎಂದು ಬರೆದರು. ನ್ಯಾಯಾಧೀಶನಿಗೆ ತಿಳಿದಿರುವ ಯಾವ ಸಂಗತಿಯನ್ನು ನಾವು ಕಂಪ್ಯೂಟರಿಗೆ ಹೇಳಲಾರೆವು ಎಂಬ ಪ್ರಶ್ನೆ ಮೆಕಾರ್ಥಿಯವರದ್ದು. ಆ ಪ್ರಶ್ನೆಯನ್ನು ಕೇಳುವುದೇ ಅಸಹ್ಯವೆಂದು ವೈಜೆನ್‌ಬಾಮ್ ಹೇಳಿದರು. ನನ್ನ ಮಟ್ಟಿಗೆ ಪ್ರಶ್ನೆಯನ್ನೇ ನಿಷೇಧಿಸುವವರು ವಾದದಲ್ಲಿ ಒಂದು ಹೆಜ್ಜೆ ಹಿಂದೆ ಸರಿದಂತೆ.

ಧ್ವನಿಯನ್ನು ಗುರುತಿಸುವ ತಂತ್ರಜ್ಞಾನದ ವಿಷಯದಲ್ಲಿ ಅವರ ಅಂದಾಜೂ ತಪ್ಪಿತು. ಇದರಿಂದ ಮನುಷ್ಯರ ಯಾವ ತುರ್ತು ಸಮಸ್ಯೆಯೂ ಸುಲಭವಾಗುವುದಿಲ್ಲ, ಸರ್ಕಾರಗಳಿಗೆ ಜನರ ಮಾತನ್ನು ಕದ್ದಾಲಿಸಲು ಅನುಕೂಲವಾಗುತ್ತದೆ ಅಷ್ಟೇ ಎಂದು ಅವರು ಆತಂಕಪಟ್ಟಿದ್ದರು. ಕಣ್ಣು ಕಾಣದ ನನ್ನ ಚಿಕ್ಕಪ್ಪ ಇವತ್ತು ಮೊಬೈಲಿಗೆ ಕನ್ನಡದಲ್ಲಿ ಮಾತು ಹೇಳಿಯೇ ಸಂದೇಶ ಕಳುಹಿಸುತ್ತಾರೆ. ಅವರ ಮಟ್ಟಿಗೆ ಇದು ಸಣ್ಣ ಸಮಸ್ಯೆಯಲ್ಲ.

ಉತ್ತರ: ಮೂಡಲಸೀಮೆ

ಚಿಕ್ಕಪ್ಪನವರ ವಿಷಯದಲ್ಲಿ ನೀವು ಹೇಳಿದ್ದು ಸರಿ, ನಾನು ಒಪ್ಪುತ್ತೇನೆ. ಆದರೆ ಕದ್ದಾಲಿಸುವ ಆತಂಕ ಸುಳ್ಳಾಯಿತು ಎನ್ನಲು ನೀವೂ ಸಿದ್ಧರಿರಲಾರಿರಿ ಎಂದುಕೊಂಡಿದ್ದೇನೆ. ಎಲಿಜಾ ಜೊತೆ ಜನರು ನಡೆಸಿದ ಸಂಭಾಷಣೆಗಳನ್ನೆಲ್ಲ ತಾವು ಓದುವಂತೆ ವ್ಯವಸ್ಥೆ ಮಾಡಿಕೊಳ್ಳುವೆನೆಂದು ವೈಜೆನ್‌ಬಾಮ್ ಒಮ್ಮೆ ಸೂಚಿಸಿದಾಗ, ಇದು ನಮ್ಮ ಅಂತರಂಗದ ಮೇಲಿನ ಗೂಢಚಾರಿಕೆ ಎಂದು ಜನ ಸಿಡಿದೆದ್ದರಂತೆ. ಈಗ ನಾವು ಅದೇ ವ್ಯವಸ್ಥೆಗೆ ಓದದೆಯೇ 'ಒಪ್ಪಿದೆ' ಎಂದು ಒತ್ತುತ್ತೇವೆ.

ಕರಿಹಲಗೆ

ಎಲ್ಲರಿಗೂ ಧನ್ಯವಾದಗಳು. ತರ್ಕಚಪಲ ಅವರೇ, ಮೆಕಾರ್ಥಿಯವರ ವಿಮರ್ಶೆಯನ್ನು ಖಂಡಿತವಾಗಿಯೂ ಸೇರಿಸುತ್ತೇನೆ. 'ಜಡ್ಜ್‌ಮೆಂಟ್' ಪದಕ್ಕೆ ಸದ್ಯ 'ವಿವೇಚನೆ' ಎಂದೂ ಅದರ ಎದುರಿಗೆ 'ಲೆಕ್ಕಾಚಾರ' ಎಂದೂ ಬರೆದುಕೊಂಡಿದ್ದೇನೆ. ಆದರೆ ಚುನಾವಣೆಯ ಕಾಲದಲ್ಲಿ ಪತ್ರಿಕೆಗಳು ಬಳಸಿ ಬಳಸಿ 'ಲೆಕ್ಕಾಚಾರ'ಕ್ಕೆ ಕುತಂತ್ರದ ವಾಸನೆ ಹತ್ತಿಕೊಂಡಿದೆ. ವೈಜೆನ್‌ಬಾಮ್ ಹೇಳುವ ಲೆಕ್ಕದಲ್ಲಿ ಕುತಂತ್ರವೇನೂ ಇಲ್ಲ, ಮನಸ್ಸೇ ಇಲ್ಲದಿರುವುದು ಅದರ ದೋಷ.

ಉತ್ತರ: ಹಳೇಕೀಲಿಮಣೆ

ಹಾಗಿದ್ದರೆ 'ವಿವೇಚನೆಯಿಂದ ಲೆಕ್ಕಕ್ಕೆ' ಎಂದು ಬರೆಯಿರಿ ಮೇಡಂ, 'ಆಚಾರ' ಬೇಡ. ಇನ್ನೊಂದು ವಿಷಯ ಹೇಳಲು ಮರೆತಿದ್ದೆ. ಕಳೆದೇಹೋಯಿತೆಂದು ತಿಳಿದಿದ್ದ ಎಲಿಜಾದ ಮೂಲ ಸಂಕೇತ (ಸೋರ್ಸ್ ಕೋಡ್) 2021ರಲ್ಲಿ ಎಂಐಟಿಯ ಸಂಗ್ರಹದಲ್ಲಿ, ವೈಜೆನ್‌ಬಾಮ್ ಅವರ ಕಾಗದಪತ್ರಗಳ ನಡುವೆ ಸಿಕ್ಕಿತು. ಆ ಕಾಲದ ಯಂತ್ರವನ್ನು ಅನುಕರಿಸುವ ತಂತ್ರಾಂಶದ ಮೇಲೆ 2024ರ ಡಿಸೆಂಬರಿನಲ್ಲಿ ಅದನ್ನು ಮತ್ತೆ ನಡೆಸಿ ತೋರಿಸಿದ್ದಾರೆ. ನಿಮ್ಮ ವಿದ್ಯಾರ್ಥಿಗಳಿಗೆ ಕನ್ನಡದ ಸ್ಕ್ರಿಪ್ಟ್ ಬರೆಯಲು ಹಚ್ಚಿ ನೋಡಿ. ಕ್ರಿಯಾಪದದ ತೊಡಕನ್ನು ಮಕ್ಕಳು ಹೇಗೋ ಬಿಡಿಸಿಯಾರು. ನನ್ನನ್ನು ನಿಜವಾಗಿ ಕಟ್ಟಿಹಾಕಿದ್ದು ಮೊಟ್ಟಮೊದಲ ಸಾಲು: ಎದುರಿಗೆ ಕುಳಿತವರು ಹದಿನಾರರ ಹುಡುಗನೋ ಅರುವತ್ತರ ಅಜ್ಜಿಯೋ ತಿಳಿಯದೆ, ಪ್ರೋಗ್ರಾಂ 'ನೀನು' ಎನ್ನಬೇಕೋ 'ನೀವು' ಎನ್ನಬೇಕೋ ಎಂಬುದನ್ನು ನನಗೆ ಕೊನೆಯವರೆಗೂ ತೀರ್ಮಾನಿಸಲಾಗಲಿಲ್ಲ.