ನ್ಯೂಕಾಸಲ್‌ನ ಗ್ರೇಂಜರ್ ಮಾರ್ಕೆಟ್‌ಗೆ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಬಹುದಾ?

ಪ್ರಶ್ನೆ
ಅಪ್ಪ ಅಮ್ಮ ಮೈಸೂರಿನಿಂದ ಬಂದಿದ್ದಾರೆ. ಶನಿವಾರ ಎಡಿನ್‌ಬರೊಗೆ ಹೋಗುವ ದಾರಿಯಲ್ಲಿ ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ ಅರ್ಧ ದಿನ ಸಿಗುತ್ತದೆ. ಮಳೆ ಬರುವ ಹಾಗಿದೆ, ಅದಕ್ಕೇ ಸೂರಿರುವ ಮಾರ್ಕೆಟ್ ಅಂದುಕೊಂಡೆ. ಆದರೆ ಅಮ್ಮನಿಗೆ ಮಾಂಸದ ವಾಸನೆ ಆಗುವುದಿಲ್ಲ. ಅಪ್ಪನಿಗೆ ಮಂಡಿ ನೋವು. ಸರಿಹೋಗುತ್ತಾ?

ಉತ್ತರ 1
ಖಂಡಿತ ಹೋಗಿ. ನಾನು ಇದೇ ಊರಲ್ಲಿರುವುದು, ತರಕಾರಿ ತರುವುದೂ ಅಲ್ಲಿಂದಲೇ. ಸುಮ್ನೆ ನೋಡಲು ಇಟ್ಟಿರುವ ಕಟ್ಟಡವಲ್ಲ ಅದು. 1835ರಲ್ಲಿ ಶುರುವಾದದ್ದು, ಈಗಲೂ ಊರಿನವರು ಚೀಲ ಹಿಡಿದು ಬರುತ್ತಾರೆ.

ಮಾಂಸದಂಗಡಿಗಳ ಓಣಿಗಳು ಪೂರ್ವದ ಕಡೆ. ಮೊದಲು ಅಲ್ಲಿ 180 ಅಂಗಡಿಗಳಿದ್ದವು, ಈಗ ಕೆಲವೇ ಉಳಿದಿವೆ. ನೀವು ಪಶ್ಚಿಮದ ದೊಡ್ಡ ಹಾಲ್‌ನಿಂದ ಒಳಗೆ ಹೋಗಿ. ಮೂಲ ತರಕಾರಿ ಮಾರ್ಕೆಟ್ ಅದೇ. 1901ರಲ್ಲಿ ಬೆಂಕಿ ಬಿದ್ದು ಚಾವಣಿ ಹೋಯಿತು. ಆಮೇಲೆ ಹಾಕಿದ ಉಕ್ಕಿನ ಕಮಾನುಗಳು ಈಗಲೂ ಇವೆ. ಗಾಜಿನಿಂದ ಬೆಳಕು ಚೆನ್ನಾಗಿ ಬೀಳುತ್ತದೆ, ಮಳೆಯಿದ್ದರೂ ಮಂಕು ಅನ್ನಿಸುವುದಿಲ್ಲ.

ಹಣ್ಣು, ತರಕಾರಿಯನ್ನು ಬಟ್ಟಲಲ್ಲಿ ತುಂಬಿಟ್ಟು ಬಟ್ಟಲಿಗಿಷ್ಟು ಅಂತ ಮಾರುತ್ತಾರೆ. ನಮ್ಮ ಕಡೆ ಗುಡ್ಡೆ ಲೆಕ್ಕದ ಹಾಗೆ. ಅಮ್ಮನಿಗೆ ಹೇಳಿಕೊಡಬೇಕಾಗಿಯೇ ಇಲ್ಲ ಅಲ್ವಾ? ಚೌಕಾಸಿ ಮಾತ್ರ ನಡೆಯುವುದಿಲ್ಲ.

ಮಂಡಿ ನೋವಿದ್ದರೆ ಸ್ಟೇಷನ್‌ನಿಂದ ನಡೆಸಬೇಡಿ. ಮೆಟ್ರೋದಲ್ಲಿ ಮಾರ್ಕೆಟ್ ಹತ್ತಿರದ ಮಾನ್ಯುಮೆಂಟ್ ಸ್ಟೇಷನ್‌ಗೆ ಒಂದೇ ಸ್ಟಾಪ್.

ಉತ್ತರ 2
ಪೆನ್ನಿ ಬಜಾರ್ ಬಿಡಬೇಡಿ! ಅದೇ ಮಾರ್ಕೆಟ್‌ನೊಳಗೆ, ಬ್ರಿಟನ್ನಿನ ದೊಡ್ಡ ಅಂಗಡಿ ಸರಣಿ ಮಾರ್ಕ್ಸ್ ಅಂಡ್ ಸ್ಪೆನ್ಸರ್‌ನವರ ಪುಟ್ಟ ಮಳಿಗೆ, 1895ರದ್ದು. ಅವರ ಅಂಗಡಿಗಳಲ್ಲಿ ಈಗ ಉಳಿದಿರುವ ಅತಿ ಹಳೆಯದು. ಅದನ್ನು ಶುರು ಮಾಡಿದವರಲ್ಲಿ ಒಬ್ಬನಾದ ಮೈಕೇಲ್ ಮಾರ್ಕ್ಸ್ ರಷ್ಯಾ ಸಾಮ್ರಾಜ್ಯದಿಂದ ವಲಸೆ ಬಂದವನು. 1884ರಲ್ಲಿ ಲೀಡ್ಸ್ ಮಾರ್ಕೆಟ್‌ನಲ್ಲಿ ಏನು ತಗೊಂಡರೂ ಒಂದು ಪೆನ್ನಿ (ಬ್ರಿಟನ್ನಿನ ಚಿಲ್ಲರೆ ನಾಣ್ಯ) ಅಂತ ಮಾರಲು ಶುರು ಮಾಡಿದ. ಬಜಾರಿನ ಹಳೆಯ ಬೋರ್ಡಿನ ಮೇಲೆ 'ಪ್ರವೇಶ ಉಚಿತ' ಅಂತ ಬರೆದಿದೆ. ನನಗೆ ಆ ಎರಡು ಪದ ತುಂಬಾ ಇಷ್ಟ. ಕೊಳ್ಳದಿದ್ದರೂ ಒಳಗೆ ಬಂದು ನೋಡಿ ಅಂತ ಬಡವರನ್ನು ಕರೆದದ್ದು ಅದು.

ಪ್ರಶ್ನೆ ಕೇಳಿದವರು
ತುಂಬಾ ಥ್ಯಾಂಕ್ಸ್. ಅಪ್ಪ ದಿನಸಿ ಅಂಗಡಿ ನಡೆಸಿದವರು. ಅವರಿಗೆ ಹಿಡಿಸುವಂಥದ್ದು ಇನ್ನೇನಾದರೂ ಇದೆಯಾ?

ಉತ್ತರ 1
ಹಾಗಾದರೆ ಮಾರ್ಕೆಟ್‌ನೊಳಗಿನ ವೇ ಹೌಸ್‌ಗೆ, ಅಂದರೆ ತೂಕದ ಮನೆಗೆ, ಕರೆದುಕೊಂಡು ಹೋಗಿ. ಹಿಂದೆ ಮಾರ್ಕೆಟ್‌ನ ಸರಕು ತೂಗುತ್ತಿದ್ದ ಜಾಗ. ಈಗ ಜನ ಸಾಲಲ್ಲಿ ನಿಂತು ತಮ್ಮ ತೂಕ ನೋಡಿಸಿಕೊಳ್ಳುತ್ತಾರೆ. ಚೀಟಿಯಲ್ಲಿ ಸ್ಟೋನ್ ಲೆಕ್ಕದಲ್ಲಿ ಬರೆದುಕೊಡುತ್ತಾರೆ. 1 ಸ್ಟೋನ್ ಅಂದರೆ 14 ಪೌಂಡ್, ಸುಮಾರು 6.35 ಕೆಜಿ. ಚಿಲ್ಲರೆ ಇಟ್ಟುಕೊಂಡಿರಿ. ಶನಿವಾರ ಮಧ್ಯಾಹ್ನ ರಶ್ ಜಾಸ್ತಿ, ಬೆಳಗ್ಗೆಯೇ ಹೋಗಿ.