ಭಾವನ ಒಂಬತ್ತು

ಬದಿಯಡ್ಕದಲ್ಲಿ ಮಳೆ ಹಿಡಿದರೆ ಬಿಡುವ ಅಂದಾಜು ಯಾರಿಗೂ ಇಲ್ಲ. ಮೊನ್ನೆ ಸಂಜೆ ಹಾಗೆಯೇ ಹೋಟೆಲಿನ ಬೆಂಚಿನಲ್ಲಿ ನಾವು ಮೂವರು ಸಿಕ್ಕಿಬಿದ್ದೆವು: ನಾನು, ರಿಟೈರಾದ ಲೆಕ್ಕದ ಮಾಷ್ಟ್ರು, ಹೊಸ ಪಿಕಪ್ ತೆಗೆದ ಭಾವ.

“ಮಾಷ್ಟ್ರೇ, ಕೆಎಲ್ 14ರಲ್ಲಿ ನನಗೆ ಸಿಕ್ಕಿದ ನಂಬರ್ ನೋಡಿ, 4716. ಕೂಡಿದ್ರೆ ಹದಿನೆಂಟು, ಮತ್ತೆ ಕೂಡಿದ್ರೆ ಒಂಬತ್ತು! ದುಡ್ಡು ಸ್ವಲ್ಪ ಹೋಯ್ತು, ಹೋಗ್ಲಿ. ಇಂಥ ನಂಬರ್ ಸಾವಿರಕ್ಕೊಂದು.”

“ಒಂಬತ್ತಕ್ಕೊಂದು,” ಅಂದರು ಮಾಷ್ಟ್ರು, ಗೋಳಿಬಜೆ ಮುರಿಯುತ್ತಾ.

“ಎಂತದು?”

“1ರಿಂದ 9999ರವರೆಗೆ ಒಂಬತ್ತರ ಮಗ್ಗಿಗೆ ಸೇರುವ ನಂಬರ್ 1111 ಉಂಟು ಮಾರಾಯ. ಅಷ್ಟನ್ನೂ ಕೂಡ್ತಾ ಹೋದ್ರೆ ಕೊನೆಗೆ ಒಂಬತ್ತೇ. ಮೊನ್ನೆ ಚರಂಡಿಗೆ ಇಳಿದ ಲಾರಿಯದ್ದೂ ಅದರಲ್ಲೇ ಇದ್ದೀತು.”

ಭಾವ ಚಹಾ ಕೆಳಗಿಟ್ಟ. “ಅದು ಯಾಕೆ ಹಾಗೆ? ಮಂತ್ರವಾ?”

“ಮಂತ್ರ ಎಂತದ್ದೂ ಇಲ್ಲ. ನಿನ್ನ ಜಗಲಿಯಲ್ಲಿ 4716 ಅಡಿಕೆ ಉಂಟು ಅಂತ ಇಟ್ಟುಕೋ. ಪಾಲಿಗೆ ಒಂಬತ್ತು ಜನ ದಾಯಾದಿಗಳು ಬಂದಿದ್ದಾರೆ.”

ಭಾವನ ಮುಖ ಸಣ್ಣದಾಯಿತು. ಅವರ ಮನೆಯ ಪಾಲು ಇನ್ನೂ ಆಗಿಲ್ಲ.

“ಸಾವಿರದ ಒಂದು ರಾಶಿಗೆ ಕೈಹಾಕು. ತಲಾ 111 ಕೊಟ್ಟರೆ ಉಳಿಯೋದು ಒಂದಡಿಕೆ. ನೂರರ ರಾಶಿಯಲ್ಲೂ ಒಂದೇ, ಹತ್ತರದ್ದರಲ್ಲೂ ಒಂದೇ. ಹಾಗಾದ್ರೆ ನಾಲ್ಕು ಸಾವಿರದಲ್ಲಿ ನಾಲ್ಕು ಉಳೀತು, ಏಳು ನೂರರಲ್ಲಿ ಏಳು, ಒಂದು ಹತ್ತರಲ್ಲಿ ಒಂದು, ಬಿಡಿ ಆರು. ಒಟ್ಟು ಹದಿನೆಂಟು. ತಲಾ ಎರಡು ಕೊಟ್ಟು ಕಳಿಸು, ಜಗಳ ಇಲ್ಲ. ದಾಯಾದಿಗಳು ಮೂವರೇ ಆದ್ರೂ ಇದೇ ಲೆಕ್ಕ ನಡೀತದೆ.”

“ನೀವು ನಮ್ಮ ದಾಯಾದಿಗಳನ್ನು ನೋಡ್ಲಿಲ್ಲ,” ಅಂದ ಭಾವ.

ನಾನೂ ಸುಮ್ಮನಿರಲಿಲ್ಲ. ನಾಲ್ಕಕ್ಕೆ ಕೊನೆಯ ಎರಡಂಕೆ ನೋಡಿದರೆ ಸಾಕು, ನೂರು ಹೇಗೂ ನಾಲ್ಕು ಪಾಲಾಗುತ್ತದೆ ಎಂದು ಶಾಲೆಯಲ್ಲಿ ಕಲಿತದ್ದು ನೆನಪಾಯಿತು. ನಾವು ಕೇರಳಕ್ಕೆ ಸೇರಿದ್ದು 1956ರಲ್ಲಿ, ಕಾಸರಗೋಡು ಜಿಲ್ಲೆ ಆದದ್ದು 1984ರಲ್ಲಿ. 56, 84, ಎರಡೂ ನಾಲ್ಕರ ಮಗ್ಗಿ. ಎರಡೂ ಅಧಿಕ ವರ್ಷ. “ನಮಗೆ ಏನಾದ್ರೂ ಆಗೋದಿದ್ರೆ ಫೆಬ್ರವರಿ 29 ಇರುವ ವರ್ಷವೇ ಬೇಕು,” ಅಂದೆ. ಯಾರೂ ನಗಲಿಲ್ಲ.

“ಏಳಕ್ಕೆ ಎಂತ ಉಪಾಯ?” ಭಾವ ಬಿಡಲಿಲ್ಲ.

“ಕೊನೆಯ ಅಂಕೆಯನ್ನು ಎರಡು ಪಾಲು ಮಾಡಿ... ಅಲ್ಲಲ್ಲ, ಇಮ್ಮಡಿ ಮಾಡಿ, ಉಳಿದದ್ದರಿಂದ ಕಳೀಬೇಕು. 471ರಿಂದ 12 ಕಳೆದ್ರೆ 459. ಮತ್ತೆ 45ರಿಂದ 18 ಕಳೆದ್ರೆ 27. ಏಳರ ಮಗ್ಗಿಯಲ್ಲಿ 27 ಇಲ್ಲ, ಹಾಗಾಗಿ ಹೋಗುದಿಲ್ಲ.” ಇಷ್ಟು ಹೊತ್ತಿಗೆ ನಾನಾದರೆ ಭಾಗಿಸಿಯೇ ಮುಗಿಸುತ್ತಿದ್ದೆ.

ಆಗ ಗಲ್ಲಾದಿಂದ ಹೋಟೆಲಿನ ಅಣ್ಣನ ಸ್ವರ ಬಂತು. “ಮಾಷ್ಟ್ರೇ, ಅಡಿಕೆ ಪಾಲು ಮತ್ತೆ ಮಾಡುವ. ನನ್ನ ಕಡದ ಪುಸ್ತಕ ಮೂರು ದಿವಸದಿಂದ ತಾಳೆ ಆಗ್ತಾ ಇಲ್ಲ. ಬಿಲ್ಲುಗಳನ್ನು ಕೂಡಿದ್ರೆ ಪುಸ್ತಕಕ್ಕಿಂತ 270 ರೂಪಾಯಿ ಹೆಚ್ಚು ಬರ್ತದೆ.”

ಮಾಷ್ಟ್ರ ಕಣ್ಣು ಹೊಳೆಯಿತು. “270! ಒಂಬತ್ತರಲ್ಲಿ ಹೋಗ್ತದೆ. ಅಂಕೆ ತಿರುಗಿಸಿ ಬರೆದ್ರೆ ಬರುವ ವ್ಯತ್ಯಾಸ ಯಾವಾಗಲೂ ಒಂಬತ್ತರ ಮಗ್ಗಿಯದ್ದೇ. ಬೇರೆ ತಪ್ಪೂ ಇರಬಹುದು, ಆದ್ರೆ ಮೊದಲು ಇದನ್ನು ನೋಡು. ಮೂರು ತೊಂಬತ್ತಲ್ವಾ 270? ಹಾಗಾದ್ರೆ ನೂರರ ಅಂಕೆ ಹತ್ತರ ಜಾಗಕ್ಕೆ ಹೋಗಿದೆ, ಎರಡಕ್ಕೂ ಮೂರರ ಅಂತರ. ಅಂಥದ್ದು ಹುಡುಕು.”

ಅಣ್ಣ ಉಗುಳು ಹಚ್ಚಿದ ಬೆರಳಿನಲ್ಲಿ ಹಾಳೆ ತಿರುವಿದ. ಎಣ್ಣೆಯ ಕಲೆಯಾದ ಒಂದು ಪುಟದಲ್ಲಿ ಬೆರಳು ನಿಂತಿತು. “ಸಿಕ್ಕಿತು! ಅಡಿಕೆಗೆ ಮದ್ದು ಬಿಡುವವರಿಗೆ ಊಟ, ಚಹಾ. ಬಿಲ್ಲು 852. ನಾನು ಬರೆದದ್ದು 582.”

ಆಮೇಲೆ ತಲೆಯೆತ್ತಿ ಭಾವನನ್ನು ನೋಡಿದ. “ಭಟ್ರೇ, ಇದು ನಿಮ್ಮ ತೋಟದ್ದು. ಇನ್ನು 270 ಕೊಡ್ಲಿಕ್ಕುಂಟು.”

“ಎರಡು, ಏಳು, ಸೊನ್ನೆ. ಕೂಡು ನೋಡುವ,” ಅಂದರು ಮಾಷ್ಟ್ರು.

ಭಾವ ಕೂಡಲಿಲ್ಲ. ಮಳೆ ಬಿಟ್ಟಿತಾ ಎಂದು ಹೊರಗೆ ಇಣುಕಿದ.